ನಿವೃತ್ತ ಫುಟ್‌ಬಾಲ್ ಆಟಗಾರರಿಗೆ ಸನ್ಮಾನ: ಮೈಸೂರಿನ ಕ್ಲಬ್‌ಗಳಿಗೊಂದು ಕೈಪಿಡಿ

ಮೈಸೂರಿನಲ್ಲಿ ಸನ್ಮಾನದ ಸಾಮಗ್ರಿಗೆ ಕೊರತೆಯಿಲ್ಲ. ಜರಿಯ ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ ಎಲ್ಲವೂ ಒಂದು ಸಂಜೆ ಅಂಗಡಿ ಬೀದಿಗೆ ಹೋಗಿ ಬಂದರೆ ಸಿಗುತ್ತವೆ. ಅಷ್ಟು ಸುಲಭವಾಗಿ ಸಿಗದಿರುವುದು, ಸನ್ಮಾನ ಸ್ವೀಕರಿಸುವ ಆಟಗಾರರು ಯಾವ ವರ್ಷ, ಯಾವ ತಂಡಕ್ಕೆ, ಯಾವ ಸ್ಥಾನದಲ್ಲಿ ಆಡಿದರು ಎಂಬ ಖಚಿತ ವಿವರ. ಅದಿಲ್ಲದೆ ನಡೆಯುವ ಸಮಾರಂಭದಲ್ಲಿ 'ನಾಡಿಗೆ ಕೀರ್ತಿ ತಂದ ಹಿರಿಯ ಕ್ರೀಡಾಪಟು' ಎಂಬ ಮಾತು ಬಿಟ್ಟರೆ ಅವರ ಆಟದ ಬಗ್ಗೆ ಕೇಳುವವರಿಗೆ ಏನೂ ದಕ್ಕುವುದಿಲ್ಲ, ಮತ್ತು ಆ ಮಾತನ್ನು ಯಾರ ಬಗ್ಗೆ ಬೇಕಾದರೂ ಹೇಳಬಹುದು. ಕ್ಲಬ್ಬೊಂದು ತನ್ನ ಊರಿನ ವೃತ್ತಿಪರ ಆಟಗಾರರನ್ನು ಗೌರವಿಸಲು ಹೊರಟಾಗ ತನ್ನ ಶ್ರಮದ ದೊಡ್ಡ ಪಾಲನ್ನು ಈ ವಿವರ ಕಲೆಹಾಕುವುದಕ್ಕೆ ಮೀಸಲಿಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಉಳಿದ ಏರ್ಪಾಡುಗಳೆಲ್ಲ ಅದರ ಹಿಂದೆ ಬರುತ್ತವೆ.

ಒಪ್ಪಿಗೆ ಮತ್ತು ನಿರ್ಣಯ

ಕಾರ್ಯಕಾರಿ ಸಮಿತಿಯಲ್ಲಿ ವಿಷಯ ಮಂಡಿಸುವ ಮೊದಲೇ ಅಧ್ಯಕ್ಷರೋ ಹಿರಿಯ ಸದಸ್ಯರೊಬ್ಬರೋ ಆಟಗಾರರ ಮನೆಗೆ ಖುದ್ದಾಗಿ ಹೋಗಿ ಮಾತನಾಡಬೇಕು. ಫೋನಿನಲ್ಲಿ ಕೇಳಿ ಮುಗಿಸುವ ವಿಷಯ ಇದಲ್ಲ. ಕೆಲವರಿಗೆ ವೇದಿಕೆ ಹತ್ತುವುದೇ ಇಷ್ಟವಿರುವುದಿಲ್ಲ. ಕೆಲವರಿಗೆ ಮಂಡಿ ನೋವು, ಹೆಚ್ಚು ಹೊತ್ತು ನಿಲ್ಲಲಾಗುವುದಿಲ್ಲ. ಇನ್ನು ಕೆಲವರು ತಮ್ಮ ಜೊತೆ ಆಡಿದ ಇನ್ನೊಬ್ಬರನ್ನೂ ಕರೆದರೆ ಮಾತ್ರ ಬರುತ್ತೇನೆ ಎನ್ನುತ್ತಾರೆ. ಈ ಕೊನೆಯ ಕೋರಿಕೆ ಬಂದರೆ ಸಂತೋಷದಿಂದ ಒಪ್ಪಿಕೊಳ್ಳಿ, ಏಕೆಂದರೆ ಹಳೆಯ ಜೊತೆಯಾಟಗಾರರಷ್ಟು ಚೆನ್ನಾಗಿ ಆ ಕಾಲದ ಆಟವನ್ನು ನೆನಪಿಸಿಕೊಡುವವರು ಬೇರೆ ಯಾರೂ ಇಲ್ಲ.

ಅವರು ಒಪ್ಪಿದ ಮೇಲೆ ಸಮಿತಿಯ ಸಭೆ ಕರೆದು, ಕಾರಣವನ್ನು ಎರಡು ಸಾಲಿನಲ್ಲಾದರೂ ಬರೆದು, ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಿ. ನಿಮ್ಮ ಕ್ಲಬ್ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದ್ದರೆ ಖರ್ಚಿನ ಲೆಕ್ಕಕ್ಕೂ ಈ ನಿರ್ಣಯವೇ ಆಧಾರವಾಗುತ್ತದೆ. ಹೊಣೆಯನ್ನು ಮೂವರಿಗೆ ಹಂಚಿದರೆ ಸಾಕು: ಒಬ್ಬರಿಗೆ ದಾಖಲೆ ಮತ್ತು ಬರವಣಿಗೆ, ಒಬ್ಬರಿಗೆ ಮೈದಾನ ಮತ್ತು ಪಂದ್ಯ, ಒಬ್ಬರಿಗೆ ಹಣ ಮತ್ತು ಆಹ್ವಾನ. ಹತ್ತು ಜನರ ಸ್ವಾಗತ ಸಮಿತಿ ಮಾಡಿದಲ್ಲಿ ಯಾವ ಕೆಲಸ ಯಾರದು ಎಂಬುದೇ ಕೊನೆಯವರೆಗೂ ಇತ್ಯರ್ಥವಾಗುವುದಿಲ್ಲ.

ಆಟದ ದಾಖಲೆ ಕಟ್ಟುವ ಕೆಲಸ

ಇದಕ್ಕೆ ಕನಿಷ್ಠ ಎರಡು ತಿಂಗಳು ಇಟ್ಟುಕೊಳ್ಳಿ. ಆಟಗಾರರ ಮನೆಯಲ್ಲಿ ಸಾಮಾನ್ಯವಾಗಿ ಒಂದು ಹಳೆಯ ಕಡತವೋ ಟ್ರಂಕೋ ಇರುತ್ತದೆ. ಅದರಲ್ಲಿ ಭಾಗವಹಿಸಿದ ಪ್ರಮಾಣಪತ್ರಗಳು, ತಂಡದ ಫೋಟೋಗಳು, ಪತ್ರಿಕೆಯ ತುಣುಕುಗಳು, ನೇಮಕಾತಿ ಆದೇಶದ ಪ್ರತಿ ಸಿಗುತ್ತವೆ. ಯಾವುದನ್ನೂ ಮನೆಯಿಂದ ಹೊರಗೆ ಒಯ್ಯಬೇಡಿ; ಅಲ್ಲಿಯೇ ಕುಳಿತು, ಕಿಟಕಿಯ ಬೆಳಕಿನಲ್ಲಿ, ಒಂದೊಂದರ ಮುಂದು ಹಿಂದು ಎರಡನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಫೋಟೋದ ಹಿಂಬದಿಯಲ್ಲಿ ಸ್ಟುಡಿಯೋದ ಮೊಹರು, ಊರು, ಇಸವಿ ಇರುವುದುಂಟು. ತಂಡದ ಫೋಟೋದಲ್ಲಿ ನಿಂತವರು ಯಾರು, ಕುಳಿತವರು ಯಾರು ಎಂಬುದನ್ನು ಎಡದಿಂದ ಬಲಕ್ಕೆ ಹೆಸರು ಹಿಡಿದು ಅವರಿಂದಲೇ ಹೇಳಿಸಿ ಬರೆದುಕೊಳ್ಳಿ. ಈ ಹೆಸರುಗಳನ್ನು ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ, ಆದ್ದರಿಂದ ಸನ್ಮಾನ ಒಂದು ತಿಂಗಳು ಮುಂದೆ ಹೋದರೂ ಈ ಕೆಲಸವನ್ನು ಮುಂದೂಡಬಾರದು.

ನಂತರ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ನೋಡಬೇಕು. ಪ್ರಜಾವಾಣಿ 1948ರಿಂದ ಪ್ರಕಟವಾಗುತ್ತಿದೆ. ಸ್ಥಳೀಯ ಟೂರ್ನಿಗಳ ಸುದ್ದಿಗೆ ಆಂದೋಲನ, ಮೈಸೂರು ಮಿತ್ರ ಪತ್ರಿಕೆಗಳು ಹೆಚ್ಚು ಉಪಯುಕ್ತ. ಇಸವಿ ಮತ್ತು ತಿಂಗಳು ಗೊತ್ತಿಲ್ಲದೆ ಹುಡುಕಲು ಕುಳಿತರೆ ದಿನಗಳು ಹಾಳಾಗುತ್ತವೆ, ಆದ್ದರಿಂದ ಮೊದಲು ಪ್ರಮಾಣಪತ್ರಗಳಿಂದ ದಿನಾಂಕಗಳ ಪಟ್ಟಿ ಮಾಡಿಕೊಂಡು, ಆ ದಿನಾಂಕದ ಹಿಂದು ಮುಂದಿನ ವಾರದ ಸಂಚಿಕೆಗಳನ್ನು ಮಾತ್ರ ತೆರೆಯಿರಿ. ರಾಜ್ಯ ತಂಡದ ವಿಷಯಕ್ಕೆ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಗೆ ಪತ್ರ ಬರೆದು ಕೇಳಬಹುದು.

ದಾಖಲೆ ಬರೆಯುವಾಗ ನಾಲ್ಕು ಕಡೆ ತಪ್ಪಾಗುವ ಸಂಭವ ಹೆಚ್ಚು. ಮೊದಲನೆಯದು ರಾಜ್ಯದ ಹೆಸರು. 1973ರ ನವೆಂಬರ್ 1ರವರೆಗೆ ನಮ್ಮ ರಾಜ್ಯದ ಹೆಸರು ಮೈಸೂರು, ಆದ್ದರಿಂದ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿಯ ದಾಖಲೆಗಳಲ್ಲಿ ಅಲ್ಲಿಯವರೆಗೆ ತಂಡದ ಹೆಸರೂ ಮೈಸೂರು ಎಂದೇ ಇದೆ. 1946-47, 1952-53, 1967-68 ಮತ್ತು 1968-69ರಲ್ಲಿ ಟ್ರೋಫಿ ಗೆದ್ದದ್ದು ಈ ಮೈಸೂರು ತಂಡ. ಕರ್ನಾಟಕ ಎಂಬ ಹೆಸರಿನಲ್ಲಿ ನಾವು ಗೆದ್ದದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, ಐವತ್ತನಾಲ್ಕು ವರ್ಷಗಳ ನಂತರ. ಹಾಗಾಗಿ 1960ರ ದಶಕದ ಆಟಗಾರರ ಬಗ್ಗೆ ಬರೆಯುವಾಗ 'ಕರ್ನಾಟಕ ತಂಡದ ಪರ' ಎಂದರೂ ತಪ್ಪು, ಮೈಸೂರು ತಂಡ ಎಂಬುದನ್ನು ನಮ್ಮ ನಗರದ ತಂಡವೆಂದು ಭಾವಿಸಿದರೂ ತಪ್ಪು. 'ಅಂದಿನ ಮೈಸೂರು ರಾಜ್ಯ ತಂಡ' ಎಂದು ಬರೆದರೆ ಗೊಂದಲವಿಲ್ಲ.

ಎರಡನೆಯದು ಒಲಿಂಪಿಕ್ಸ್. ಭಾರತದ ಫುಟ್‌ಬಾಲ್ ತಂಡ ಒಲಿಂಪಿಕ್ಸ್‌ನಲ್ಲಿ ಆಡಿದ್ದು 1948, 1952, 1956 ಮತ್ತು 1960ರಲ್ಲಿ ಮಾತ್ರ. ಬೆಂಗಳೂರಿನ ಅಹ್ಮದ್ ಖಾನ್ 1948 ಮತ್ತು 1952ರ ತಂಡಗಳಲ್ಲಿದ್ದರು. 1948ರ ಲಂಡನ್ ಕೂಟದಲ್ಲಿ ಫ್ರಾನ್ಸ್ ವಿರುದ್ಧ ಭಾರತ 1-2ರಿಂದ ಸೋತ ಪಂದ್ಯದ ನಮ್ಮ ಏಕೈಕ ಗೋಲು ಸಾರಂಗಪಾಣಿ ರಾಮನ್ ಅವರದು. 1960ರ ನಂತರದವರು ಆಡಿದ್ದು ಅರ್ಹತಾ ಸುತ್ತಿನ ಪಂದ್ಯಗಳನ್ನು. ಅರ್ಹತಾ ಸುತ್ತಿನಲ್ಲಿ ದೇಶದ ಪರ ಆಡುವುದು ದೊಡ್ಡ ಸಾಧನೆಯೇ, ಅದನ್ನು ಇದ್ದ ಹಾಗೆಯೇ ಹೇಳಬೇಕು. ಪ್ರೀತಿಯಿಂದ 'ಒಲಿಂಪಿಯನ್' ಎಂದು ಅಚ್ಚು ಹಾಕಿಸಿದರೆ ಗೊತ್ತಿರುವವರ ಎದುರು ಆಟಗಾರರೇ ಮುಜುಗರಕ್ಕೆ ಒಳಗಾಗುತ್ತಾರೆ. ಇದೇ ರೀತಿ, ಮೂರನೆಯದಾಗಿ, ಭಾರತ ತಂಡದ ಸಂಭಾವ್ಯರ ಶಿಬಿರಕ್ಕೆ ಆಯ್ಕೆಯಾಗುವುದು, ಹದಿನೆಂಟರ ಪಟ್ಟಿಯಲ್ಲಿ ಇರುವುದು, ಪಂದ್ಯದಲ್ಲಿ ಕಣಕ್ಕಿಳಿಯುವುದು ಇವು ಮೂರೂ ಬೇರೆ ಬೇರೆ.

ನಾಲ್ಕನೆಯದು 'ವೃತ್ತಿಪರ' ಎಂಬುದರ ವ್ಯಾಪ್ತಿ. ರಾಷ್ಟ್ರೀಯ ಫುಟ್‌ಬಾಲ್ ಲೀಗ್ 1996ರಲ್ಲಿ ಆರಂಭವಾಯಿತು. 2007ರಲ್ಲಿ ಅದರ ಜಾಗಕ್ಕೆ ಐ-ಲೀಗ್ ಬಂತು. ಇಂಡಿಯನ್ ಸೂಪರ್ ಲೀಗ್ ಶುರುವಾದದ್ದು 2014ರಲ್ಲಿ. ಈ ಲೀಗ್‌ಗಳಿಗೂ ಮೊದಲು ನಮ್ಮ ರಾಜ್ಯದ ಉತ್ತಮ ಆಟಗಾರರಲ್ಲಿ ಬಹುಪಾಲು ಜನ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ತಂಡಗಳಲ್ಲಿ, ಎಂಇಜಿ, ಎಎಸ್‌ಸಿಯಂಥ ಸೇನೆಯ ತಂಡಗಳಲ್ಲಿ, ರೈಲ್ವೆಯಲ್ಲಿ, ಪೊಲೀಸ್ ತಂಡದಲ್ಲಿ ಆಡಿದವರು. ಅವರ ಸಂಬಳದ ಚೀಟಿಯಲ್ಲಿ ಫಿಟ್ಟರ್ ಅಥವಾ ಗುಮಾಸ್ತ ಎಂದಿದ್ದರೂ ಅವರನ್ನು ಕೆಲಸಕ್ಕೆ ತೆಗೆದುಕೊಂಡದ್ದು ಆಟಕ್ಕಾಗಿ, ವರ್ಷದ ಬಹುಭಾಗ ಅವರು ದುಡಿದದ್ದೂ ಮೈದಾನದಲ್ಲಿ. ಕರಾರು ಪತ್ರಕ್ಕೆ ಸಹಿ ಹಾಕಿದವರಷ್ಟೇ ವೃತ್ತಿಪರರು ಎಂದು ಹಟ ಹಿಡಿದರೆ ನಮ್ಮಲ್ಲಿ ಒಂದಿಡೀ ತಲೆಮಾರೇ ಹೊರಗುಳಿಯುತ್ತದೆ. ಮಹಿಳಾ ಆಟಗಾರ್ತಿಯರ ವಿಷಯದಲ್ಲಂತೂ ಈ ಅಳತೆ ಇನ್ನಷ್ಟು ಅನ್ಯಾಯದ್ದು. ಕೈಯಿಂದ ಖರ್ಚು ಮಾಡಿಕೊಂಡು ರಾಜ್ಯಕ್ಕೆ ಆಡಿದವರನ್ನು ನಿಮ್ಮ ಪಟ್ಟಿಯಲ್ಲಿ ಮೊದಲು ಹುಡುಕಿ.

ಬಿನ್ನವತ್ತಳೆ

ಕಲೆಹಾಕಿದ್ದೆಲ್ಲ ಕೊನೆಗೆ ಒಂದು ಪುಟಕ್ಕೆ ಇಳಿಯಬೇಕು. ಬಿನ್ನವತ್ತಳೆ, ಅಂದರೆ ಸನ್ಮಾನ ಪತ್ರ, ಇನ್ನೂರು ಪದಗಳನ್ನು ಮೀರದಿದ್ದರೆ ಗಟ್ಟಿಯಾಗಿ ಓದಲು ಎರಡು ನಿಮಿಷ ಸಾಕಾಗುತ್ತದೆ, ಕೇಳುವವರ ಗಮನವೂ ಚದುರುವುದಿಲ್ಲ. ವಿಶೇಷಣಗಳನ್ನು ಪೋಣಿಸುತ್ತ ಹೋಗುವ ನಮ್ಮ ಹಳೆಯ ರೂಢಿಯನ್ನು ಇಲ್ಲಿ ಬಿಡುವುದು ಒಳ್ಳೆಯದು. 'ಅಪ್ರತಿಮ ಆಟಗಾರ' ಎನ್ನುವುದಕ್ಕಿಂತ, 'ಎಡಗಾಲಿನ ಆಟಗಾರರಾಗಿದ್ದ ತಾವು ಎಡ ಅಂಚಿನಿಂದ ಕಳುಹಿಸುತ್ತಿದ್ದ ಕ್ರಾಸ್‌ಗಳಿಗೆ ತಲೆ ಕೊಟ್ಟು ಗೋಲು ಗಳಿಸಿದವರು ಇಂದಿಗೂ ಅದನ್ನು ನೆನೆಯುತ್ತಾರೆ' ಎಂಬ ವಾಕ್ಯ ಆ ಒಬ್ಬ ವ್ಯಕ್ತಿಗೆ ಮಾತ್ರ ಸಲ್ಲುತ್ತದೆ. ಯಾವ ಕೇರಿಯ ಯಾವ ಮೈದಾನದಲ್ಲಿ ಆಟ ಕಲಿತರು, ಮೊದಲು ಬೂಟು ಕೊಡಿಸಿದವರು ಯಾರು, ಯಾವ ಗಾಯದಿಂದ ಆಟ ನಿಂತಿತು ಎಂಬ ಸಂಗತಿಗಳಲ್ಲಿ ಒಂದನ್ನಾದರೂ ಸೇರಿಸಿ, ಅವರ ಅನುಮತಿ ಪಡೆದು.

ಕರಡನ್ನು ಅಚ್ಚಿಗೆ ಕೊಡುವ ಮೊದಲು ಆಟಗಾರರಿಗೂ ಅವರ ಮನೆಯವರಿಗೂ ಓದಿ ಹೇಳಲೇಬೇಕು. ಕೆಲವರು ಇದನ್ನು ಗುಟ್ಟಾಗಿಟ್ಟು ವೇದಿಕೆಯಲ್ಲಿ ಅಚ್ಚರಿಪಡಿಸಬೇಕೆಂದು ಬಯಸುತ್ತಾರೆ. ಆದರೆ ಚೌಕಟ್ಟು ಹಾಕಿ ಮನೆಯ ಗೋಡೆಯ ಮೇಲೆ ಇರಬೇಕಾದ ಕಾಗದದಲ್ಲಿ ತಂದೆಯ ಹೆಸರೋ ಊರಿನ ಹೆಸರೋ ತಪ್ಪಾಗಿದ್ದರೆ ಅದು ಮುಂದೆಂದೂ ತಿದ್ದಲಾಗದ ನೋವಾಗುತ್ತದೆ.

ದಿನ ಮತ್ತು ಮೈದಾನ

ಸನ್ಮಾನ ಸಭಾಂಗಣದಲ್ಲಿ ಬೇಡ, ಮೈದಾನದಲ್ಲಿ ಆಗಲಿ. ಆಟಗಾರರ ಬದುಕು ಕಂಡ ಜಾಗ ಅದು. ಮೇಲಾಗಿ, ನಿಮ್ಮ ಕ್ಲಬ್ಬಿನ ಮಕ್ಕಳು ಕಲಾಮಂದಿರದ ಹಿಂದಿನ ಸಾಲಿನಲ್ಲಿ ಕುಳಿತು ಭಾಷಣ ಕೇಳುವುದಕ್ಕಿಂತ ಗೆರೆಯ ಅಂಚಿನಲ್ಲಿ ನಿಂತು ಅವರ ಒಂದು ಪಾಸ್ ನೋಡುವುದು ಹೆಚ್ಚು ಫಲ ಕೊಡುತ್ತದೆ. ನವೆಂಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗಿನ ಭಾನುವಾರಗಳು ಮೈಸೂರಿನಲ್ಲಿ ಅತ್ಯಂತ ಸೂಕ್ತ. ದಸರಾ ದಿನಗಳಲ್ಲಿ ಮೈದಾನವೂ ಪೊಲೀಸರೂ ಸಿಗುವುದು ಕಷ್ಟ, ಅಕ್ಟೋಬರ್‌ನ ಸಂಜೆ ಮಳೆಯನ್ನು ನಂಬುವಂತಿಲ್ಲ, ಮಾರ್ಚ್ ಬಂದರೆ ಪರೀಕ್ಷೆ. ಕ್ಲಬ್ಬಿಗೆ ಸ್ಥಾಪನಾ ದಿನವೆಂದು ಒಂದಿದ್ದರೆ ಅದರ ಹತ್ತಿರದ ಭಾನುವಾರ ಇನ್ನೂ ಉತ್ತಮ. ಕೋಲ್ಕತ್ತದ ಮೋಹನ್ ಬಾಗಾನ್, 1911ರ ಜುಲೈ 29ರಂದು ಐಎಫ್‌ಎ ಶೀಲ್ಡ್ ಗೆದ್ದ ನೆನಪಿಗೆ ಪ್ರತಿ ವರ್ಷ ಅದೇ ದಿನ, ಹೆಚ್ಚಾಗಿ ತನ್ನ ಹಿರಿಯ ಆಟಗಾರರೊಬ್ಬರಿಗೆ, 'ಮೋಹನ್ ಬಾಗಾನ್ ರತ್ನ' ನೀಡುವ ಪದ್ಧತಿಯನ್ನು 2001ರಿಂದ ನಡೆಸಿಕೊಂಡು ಬಂದಿದೆ. ಮೊದಲ ಗೌರವ ಸಂದದ್ದು ಶೈಲೇನ್ ಮನ್ನಾ ಅವರಿಗೆ. ದಿನ ನಿಶ್ಚಿತವಾಗಿದ್ದರೆ ಮುಂದಿನ ವರ್ಷ ಇನ್ನೊಬ್ಬರನ್ನು ಗೌರವಿಸುವ ಹೊಣೆ ತಾನಾಗಿ ಬರುತ್ತದೆ.

ಚಾಮುಂಡಿ ವಿಹಾರ ಕ್ರೀಡಾಂಗಣ ಬೇಕಾದರೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೆ, ಮಹಾರಾಜ ಕಾಲೇಜು ಮೈದಾನದಂಥ ಜಾಗಕ್ಕೆ ಸಂಬಂಧಪಟ್ಟ ಕಾಲೇಜು ಮತ್ತು ವಿಶ್ವವಿದ್ಯಾನಿಲಯಕ್ಕೆ ಲಿಖಿತ ಅರ್ಜಿ ಕೊಡಬೇಕು. ನಿಮ್ಮ ಕ್ಲಬ್ ದಿನನಿತ್ಯ ಅಭ್ಯಾಸ ಮಾಡುವ ಬಡಾವಣೆಯ ಮೈದಾನವೇ ಆದರೂ ಲಿಖಿತ ಅನುಮತಿ ಇರಲಿ. ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯ ಅನುಮತಿ ಬೇಕು. ಪ್ಲಾಸ್ಟಿಕ್ ಫ್ಲೆಕ್ಸ್‌ಗಳನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿರುವುದರಿಂದ ಬಟ್ಟೆಯ ಬ್ಯಾನರ್ ಬರೆಸಿ; ಅದರಲ್ಲಿ ಆಟಗಾರರ ಹೆಸರು ಎಲ್ಲಕ್ಕಿಂತ ದೊಡ್ಡದಾಗಿರಲಿ, ದಾನಿಗಳ ಹೆಸರು ಕೆಳಗಿರಲಿ.

ಪಂದ್ಯ

ಸನ್ಮಾನಕ್ಕೆ ಮುನ್ನ ಒಂದು ಪ್ರದರ್ಶನ ಪಂದ್ಯವಿದ್ದರೆ ಜನ ಸೇರುತ್ತಾರೆ, ಹಳೆಯ ಆಟಗಾರರೂ ಉತ್ಸಾಹದಿಂದ ಬರುತ್ತಾರೆ. ಭೈಚುಂಗ್ ಭುಟಿಯಾ ಅವರ ವಿದಾಯಕ್ಕೆ 2012ರ ಜನವರಿ 10ರಂದು ದೆಹಲಿಯಲ್ಲಿ ಭಾರತ ತಂಡ ಬಯರ್ನ್ ಮ್ಯೂನಿಕ್ ವಿರುದ್ಧ ಆಡಿ 0-4ರಿಂದ ಸೋತಿತು. ಆ ಸಂಜೆ ಜನ ಬಂದದ್ದು ಫಲಿತಾಂಶಕ್ಕಾಗಿ ಅಲ್ಲ. ನಿಮ್ಮ ಪಂದ್ಯದಲ್ಲೂ ಸೋಲು ಗೆಲುವಿನ ಕಾವು ಏರದಂತೆ ತಂಡಗಳನ್ನು ಬೆರೆಸಿ: ಎರಡೂ ಕಡೆ ಅರ್ಧದಷ್ಟು ಹಿರಿಯರು, ಅರ್ಧದಷ್ಟು ಈಗಿನ ಆಟಗಾರರು.

ಐವತ್ತು ದಾಟಿದವರು ಆಡುವ ಪಂದ್ಯಕ್ಕೆ ನಲವತ್ತೈದು ನಿಮಿಷಗಳ ಅವಧಿ ಹೆಚ್ಚಾಯಿತು. ಇಪ್ಪತ್ತು ನಿಮಿಷಗಳ ಎರಡು ಅವಧಿ, ಎಷ್ಟು ಸಲ ಬೇಕಾದರೂ ಬದಲಿ ಆಟಗಾರರನ್ನು ಇಳಿಸುವ ಅವಕಾಶ, ನಡುವೆ ನೀರಿನ ವಿರಾಮ, ಜಾರಿ ಬಿದ್ದು ಚೆಂಡು ಕಸಿಯುವುದಕ್ಕೆ ಪೂರ್ಣ ನಿಷೇಧ ಎಂದು ರೆಫರಿಯೊಂದಿಗೆ ಮೊದಲೇ ಮಾತನಾಡಿಕೊಳ್ಳಿ. ಬಹಳ ವರ್ಷಗಳಿಂದ ಓಡದವರು ಮೈ ಬಿಸಿ ಮಾಡಿಕೊಳ್ಳದೆ ನೇರವಾಗಿ ಮೈದಾನಕ್ಕಿಳಿಯುವುದು ಅಪಾಯಕಾರಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಆಡಬೇಕೆಂದು ಆಹ್ವಾನದಲ್ಲೇ ತಿಳಿಸಿ. ಆಂಬುಲೆನ್ಸ್ ಮತ್ತು ಪ್ರಥಮ ಚಿಕಿತ್ಸೆ ಬಲ್ಲ ಒಬ್ಬರು ಮೈದಾನದಲ್ಲಿ ಇರಲೇಬೇಕು. ಹಣ ಉಳಿಸಲು ಈ ಒಂದು ವ್ಯವಸ್ಥೆಯನ್ನು ಕೈಬಿಡಬೇಡಿ.

ಸನ್ಮಾನಿತರಿಗೆ ಆಡಲು ಆಗದಿದ್ದರೆ ಮೊದಲ ಒದೆತ ಅವರದಾಗಲಿ. ಕ್ರಮ ಹೀಗೆ: ಎರಡೂ ತಂಡಗಳು ತಮ್ಮ ತಮ್ಮ ಅರ್ಧದಲ್ಲಿ ನಿಂತಿರುವಾಗ ಅವರು ಕೇಂದ್ರ ಬಿಂದುವಿನಿಂದ ಚೆಂಡನ್ನು ಒದೆಯುತ್ತಾರೆ, ಆಟಗಾರರೊಬ್ಬರು ಅದನ್ನು ನಿಲ್ಲಿಸಿ ಎತ್ತಿ ತಂದು ಅವರ ಕೈಗೆ ಕೊಡುತ್ತಾರೆ, ಅವರು ಗೆರೆಯಾಚೆ ಹೋದ ಮೇಲೆ ರೆಫರಿ ನಿಜವಾದ ಕಿಕ್ ಆಫ್‌ಗೆ ಸೀಟಿ ಊದುತ್ತಾರೆ. ಗಾಲಿಕುರ್ಚಿಯಲ್ಲಿರುವವರಾದರೆ ಚೆಂಡನ್ನು ಕೈಯಿಂದ ಉರುಳಿಸಿದರೂ ಆ ಗೌರವಕ್ಕೆ ಏನೂ ಕಡಿಮೆಯಾಗುವುದಿಲ್ಲ. ಚಳಿಗಾಲದಲ್ಲಿ ಮೈಸೂರಿನಲ್ಲಿ ಆರು ಗಂಟೆಯ ಹೊತ್ತಿಗೆ ಕತ್ತಲಾಗತೊಡಗುವುದರಿಂದ, ಹೊನಲು ದೀಪಗಳಿಲ್ಲದ ಮೈದಾನದಲ್ಲಿ ಪಂದ್ಯವನ್ನು ಮೂರೂವರೆಗೆ ಆರಂಭಿಸಿ, ನಾಲ್ಕೂಕಾಲು ನಾಲ್ಕೂವರೆಗೆ ಮುಗಿಸಿ, ಸನ್ಮಾನವನ್ನು ಬೆಳಕಿರುವಾಗಲೇ ನೆರವೇರಿಸಿ.

ಸನ್ಮಾನದ ಹೊತ್ತು

ಪಂದ್ಯ ಮುಗಿದೊಡನೆ ಎರಡೂ ತಂಡಗಳು, ಕ್ಲಬ್ಬಿನ ಮಕ್ಕಳು ಎಲ್ಲರೂ ಅಂಚಿನ ಗೆರೆಯಿಂದ ಮಧ್ಯ ವೃತ್ತದವರೆಗೆ ಎದುರುಬದುರಾಗಿ ಎರಡು ಸಾಲು ನಿಲ್ಲಲಿ. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧದ ಪಂದ್ಯದ ನಂತರ ಸುನಿಲ್ ಛೆಟ್ರಿ ಅವರಿಗೆ ಸಹ ಆಟಗಾರರು ಸಲ್ಲಿಸಿದ್ದು ಇದೇ ಬಗೆಯ ಗೌರವ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಸಾಲಿನ ನಡುವೆ ಅವರು ನಡೆದು ಬರುವಾಗ ಸಂಗೀತ ಹಾಕಬೇಡಿ, ಚಪ್ಪಾಳೆ ಸಾಕು.

ವೇದಿಕೆಯ ಮೇಲೆ ಐದು ಕುರ್ಚಿಗಳಿಗಿಂತ ಹೆಚ್ಚು ಬೇಡ: ಸನ್ಮಾನಿತರು, ಅವರ ಸಂಗಾತಿ ಅಥವಾ ಅವರು ಬಯಸಿದ ಮನೆಯವರೊಬ್ಬರು, ಕ್ಲಬ್ ಅಧ್ಯಕ್ಷರು, ಮುಖ್ಯ ಅತಿಥಿ, ಹಳೆಯ ಜೊತೆಯಾಟಗಾರರೊಬ್ಬರು. ಶಾಸಕರನ್ನೋ ಪಾಲಿಕೆಯವರನ್ನೋ ಕರೆಯುವುದರಲ್ಲಿ ತಪ್ಪಿಲ್ಲ, ಮೈದಾನದ ಅಭಿವೃದ್ಧಿಗೆ ಅವರ ನೆರವು ಬೇಕೇ ಬೇಕು. ಆದರೆ ಅವರು ತಡವಾದರೆ ಆಟಗಾರರನ್ನು ಕಾಯಿಸಬಾರದು ಎಂಬುದನ್ನು ಸಮಿತಿ ಮೊದಲೇ ತೀರ್ಮಾನಿಸಿರಲಿ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ಮಾತು ಸೇರಿ ಹತ್ತು ನಿಮಿಷ. ಆಮೇಲೆ ಬಿನ್ನವತ್ತಳೆಯ ವಾಚನ. ಅದನ್ನು ಕ್ಲಬ್ಬಿನ ಕಿರಿಯ ಆಟಗಾರರಲ್ಲಿ ಸ್ಪಷ್ಟವಾಗಿ ಓದಬಲ್ಲ ಒಬ್ಬ ಹುಡುಗ ಅಥವಾ ಹುಡುಗಿಯಿಂದ ಓದಿಸಿ.

ಶಾಲು, ಹಾರ, ಪೇಟದ ಕ್ರಮವನ್ನೂ ಯೋಚಿಸಿಡಬೇಕು. ಪೇಟ ತೊಡಿಸಿದ ಮೇಲೆ ಹಾರ ಹಾಕಲು ಹೋದರೆ ಹಾರ ಪೇಟಕ್ಕೆ ಸಿಕ್ಕಿ ಅದು ವಾಲುತ್ತದೆ, ಆದ್ದರಿಂದ ಮೊದಲು ಶಾಲು, ನಂತರ ಹಾರ, ಆಮೇಲೆ ಪೇಟ. ಸಿದ್ಧ ಪೇಟಗಳು ಬೇರೆ ಬೇರೆ ಅಳತೆಯಲ್ಲಿ ಬರುವುದರಿಂದ ತಲೆಯ ಸುತ್ತಳತೆಯನ್ನು ಮನೆಗೆ ಹೋದಾಗಲೇ ಟೇಪಿನಲ್ಲಿ ತೆಗೆದುಕೊಳ್ಳಿ. ಸಡಿಲವಾದ ಪೇಟ ಫೋಟೋ ತೆಗೆಯುವ ಹೊತ್ತಿಗೆ ಹುಬ್ಬಿನ ಮೇಲೆ ಇಳಿದಿರುತ್ತದೆ. ಫಲತಾಂಬೂಲದ ಬುಟ್ಟಿಯನ್ನು ಅವರ ಕೈಗೆ ಕೊಟ್ಟ ಮರುಕ್ಷಣ ಇಳಿಸಿಕೊಳ್ಳಲು ಒಬ್ಬರು ಪಕ್ಕದಲ್ಲೇ ಇರಬೇಕು. ಹಾರ ಶಾಲುಗಳ ಬದಲು ಪುಸ್ತಕ ಕೊಡಿ ಎಂದು ಮೈಸೂರಿನವರೇ ಆದ ಸಿದ್ದರಾಮಯ್ಯ ಅವರು 2023ರಲ್ಲಿ ಮುಖ್ಯಮಂತ್ರಿಯಾದಾಗ ಕೋರಿದ್ದರು. ಆಟಗಾರರಿಗೂ ಹಾಗೆಯೇ ಅನ್ನಿಸಿದರೆ ಒಂದು ಶಾಲು, ಒಂದು ಪೇಟಕ್ಕೆ ನಿಲ್ಲಿಸಿ. ಬಡಾವಣೆಯ ಹತ್ತಾರು ಸಂಘಗಳವರು ಸಾಲುಗಟ್ಟಿ ಶಾಲು ಹೊದಿಸುವುದಕ್ಕೆ ಮಾತ್ರ ಅವಕಾಶ ಕೊಡಬೇಡಿ, ಆ ಹೊತ್ತು ಆಟಗಾರರ ಮಾತಿಗೆ ಸಲ್ಲಬೇಕಾದದ್ದು.

ಸ್ಮರಣಿಕೆಗೆ ಅಂಗಡಿಯ ಬಂಗಾರದ ಬಣ್ಣದ ಕಪ್‌ಗಿಂತ ನಮ್ಮೂರಿನ ಬೀಟೆ ಮರದ ಇನ್‌ಲೇ ಕೆಲಸದ ಒಂದು ಫಲಕ ಎಷ್ಟೋ ಮೇಲು. ಅವರು ಆಡಿದ ಮೈದಾನದ ಚಿತ್ರವನ್ನೋ ತಂಡದ ಹೆಸರನ್ನೋ ಅದರಲ್ಲಿ ಕೂಡಿಸಿ ಕೊಡುವಂತೆ ಕುಶಲಕರ್ಮಿಗಳನ್ನು ಮುಂಚಿತವಾಗಿ ಕೇಳಬೇಕು. ಕೈಕೆಲಸವಾದ್ದರಿಂದ ವಾರಗಳು ಹಿಡಿಯುತ್ತವೆ. ಅವರ ಹಳೆಯ ಅಂಕಿಯುಳ್ಳ ಕ್ಲಬ್ಬಿನ ಜೆರ್ಸಿಯನ್ನೂ ಕೊಡಬಹುದು. ನಾಪೋಲಿ ಕ್ಲಬ್ ಮರಡೋನಾ ಅವರ 10ನೇ ಅಂಕಿಯನ್ನು ಬೇರೆ ಯಾರಿಗೂ ಕೊಡದೆ ಇಟ್ಟಂತೆ ನಾವೂ ಮಾಡೋಣವೆಂಬ ಸಲಹೆ ಬರುವುದುಂಟು. ಸಣ್ಣ ಕ್ಲಬ್ಬಿಗೆ ಅದು ಹೊಂದುವುದಿಲ್ಲ ಎಂದು ನನಗನ್ನಿಸುತ್ತದೆ. ಆ ಅಂಕಿಯನ್ನು ಪ್ರತಿ ವರ್ಷ ಅಕಾಡೆಮಿಯ ಒಬ್ಬ ಮಗುವಿಗೆ, ಇದು ಯಾರ ಅಂಕಿ ಎಂದು ತಿಳಿಸಿ ಕೊಟ್ಟರೆ ಹೆಸರು ಬಾಯಿಂದ ಬಾಯಿಗೆ ಉಳಿಯುತ್ತದೆ.

ಕೊನೆಯ ಮಾತು ಆಟಗಾರರದೇ ಆಗಲಿ, ವಂದನಾರ್ಪಣೆ ಅದಕ್ಕಿಂತ ಮುಂಚೆ ಮುಗಿದಿರಲಿ. ಭಾಷಣ ಬಾರದವರಾದರೆ ಜೊತೆಯಾಟಗಾರರು ಪಕ್ಕದಲ್ಲಿ ಕುಳಿತು ಪ್ರಶ್ನೆ ಕೇಳಲಿ, ಅವರು ಉತ್ತರಿಸಲಿ, ಅದೆಲ್ಲವನ್ನೂ ಧ್ವನಿಮುದ್ರಿಸಿಕೊಳ್ಳಿ.

ಹಮ್ಮಿಣಿ ಮತ್ತು ನಂತರದ ಕೆಲಸ

ಹಮ್ಮಿಣಿ, ಅಂದರೆ ಗೌರವಧನ, ಅರ್ಪಿಸುವುದಾದರೆ ದಾನಿಗಳಿಗೆ ರಸೀದಿ ಕೊಟ್ಟು, ಬ್ಯಾಂಕ್ ಮೂಲಕವೇ ಸಂದಾಯ ಮಾಡಿ. ಮೊತ್ತವನ್ನು ಮೈಕಿನಲ್ಲಿ ಹೇಳಬೇಕೇ ಬೇಡವೇ ಎಂಬುದನ್ನು ಅವರ ಮನೆಯವರನ್ನು ಕೇಳಿ. ಕಷ್ಟದಲ್ಲಿರುವವರ ಕಷ್ಟವನ್ನು ಜನರೆದುರು ವರ್ಣಿಸುವುದು ಸನ್ಮಾನವಲ್ಲ. ವರ್ಷವೊಂದರಲ್ಲಿ ಬಂಧುಗಳಲ್ಲದವರಿಂದ ಪಡೆದ ಹಣ 50,000 ರೂಪಾಯಿ ಮೀರಿದರೆ ಆದಾಯ ತೆರಿಗೆಯ ಪ್ರಶ್ನೆ ಏಳುವುದರಿಂದ, ದೊಡ್ಡ ಮೊತ್ತವಾದರೆ ಲೆಕ್ಕಪರಿಶೋಧಕರ ಸಲಹೆ ಪಡೆಯಿರಿ.

ಆರೋಗ್ಯ ಅಥವಾ ಜೀವನ ನಿರ್ವಹಣೆಗೆ ನೆರವು ಬೇಕಿರುವ ಆಟಗಾರರಿಗೆ ಒಂದು ದಿನದ ಹಮ್ಮಿಣಿಗಿಂತ ಸರ್ಕಾರದ ಸಹಾಯ ದೊರಕಿಸಿಕೊಡುವುದು ಮುಖ್ಯ. ಸಂಕಷ್ಟದಲ್ಲಿರುವ ಹಿರಿಯ ಕ್ರೀಡಾಪಟುಗಳಿಗಾಗಿ ಕೇಂದ್ರ ಸರ್ಕಾರ 1982ರಲ್ಲಿ ಸ್ಥಾಪಿಸಿದ ಕಲ್ಯಾಣ ನಿಧಿ ಈಗ ಪಂಡಿತ್ ದೀನದಯಾಳ್ ಉಪಾಧ್ಯಾಯರ ಹೆಸರಿನಲ್ಲಿದೆ. ಇಂಥ ಅರ್ಜಿಯೊಂದಿಗೆ ಆಟದ ಸಾಧನೆಯ ಪ್ರಮಾಣಪತ್ರಗಳನ್ನು ಲಗತ್ತಿಸಬೇಕಾಗುತ್ತದೆ. ನೀವು ಎರಡು ತಿಂಗಳು ಕೂಡಿಹಾಕಿದ ದಾಖಲೆ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಇಳಿವಯಸ್ಸಿನವರಿಗೆ ಕಚೇರಿಗಳಿಗೆ ಅಲೆಯುವ ಶಕ್ತಿ ಇರುವುದಿಲ್ಲ, ಆದ್ದರಿಂದ ಅರ್ಜಿ ತುಂಬಿ, ಸಲ್ಲಿಸಿ, ಅದು ಎಲ್ಲಿಗೆ ಬಂತೆಂದು ವಿಚಾರಿಸುತ್ತಿರುವ ಹೊಣೆಯನ್ನು ಕ್ಲಬ್ಬಿನ ಒಬ್ಬ ಸದಸ್ಯರಿಗೆ ಹೆಸರು ಹಿಡಿದು ವಹಿಸಿ.

ಸನ್ಮಾನವಾದ ವಾರದೊಳಗೆ ದಾಖಲೆಯ ಕಡತವನ್ನು ಮೂರು ಪ್ರತಿ ಮಾಡಿಸಿ: ಒಂದು ಆಟಗಾರರ ಮನೆಗೆ, ಒಂದು ಕ್ಲಬ್ಬಿನ ಬೀರುವಿಗೆ, ಒಂದು ರಾಜ್ಯ ಫುಟ್‌ಬಾಲ್ ಸಂಸ್ಥೆಗೆ. ಧ್ವನಿಮುದ್ರಣ ಮತ್ತು ಫೋಟೋಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಅದರ ಜೊತೆಗೇ ಇಡಿ. ತಂಡದ ಹಳೆಯ ಫೋಟೋದ ಹೆಸರುಗಳ ಪಟ್ಟಿಯಲ್ಲಿ ಈಗಲೂ ಬದುಕಿರುವವರು ಯಾರು, ಎಲ್ಲಿದ್ದಾರೆ ಎಂದು ಆಟಗಾರರನ್ನು ಕೇಳಿ ಗುರುತು ಹಾಕಿಕೊಂಡರೆ ಮುಂದಿನ ವರ್ಷ ಯಾರ ಮನೆಗೆ ಹೋಗಬೇಕೆಂಬುದು ಅಲ್ಲಿಯೇ ಗೊತ್ತಾಗುತ್ತದೆ.